ಮುಚ್ಚಲಾಗದ ಬಾಗಿಲು: 1791ರ ಸಾವನದುರ್ಗದ ಮುತ್ತಿಗೆ, ಒಂದು ಪ್ರಕರಣ ಅಧ್ಯಯನ

ಮಾಗಡಿಯಿಂದ ಹತ್ತು ಹನ್ನೆರಡು ಕಿಲೋಮೀಟರು ದೂರದಲ್ಲಿ, ಸಮುದ್ರಮಟ್ಟದಿಂದ 1,226 ಮೀಟರ್ ಎತ್ತರಕ್ಕೆ ಎದ್ದಿರುವ ಬೋಳು ಬಂಡೆಯ ಬೆಟ್ಟ ಸಾವನದುರ್ಗ. ಮೂರನೆಯ ಮೈಸೂರು ಯುದ್ಧದ ನಡುವೆ, 1791ರ ಡಿಸೆಂಬರ್ 10ರಂದು, ಲೆಫ್ಟಿನೆಂಟ್ ಕರ್ನಲ್ ಸ್ಟುವರ್ಟನ ಕೈಕೆಳಗಿನ ಇಂಗ್ಲಿಷ್ ಪಡೆ ಇದರ ಹತ್ತಿರ ಬೀಡುಬಿಟ್ಟಿತು. 17ರಂದು ತೋಪುಗಳು ಹಾರತೊಡಗಿದವು. 21ರಂದು ಹಗಲು ಹೊತ್ತಿನಲ್ಲೇ ಲಗ್ಗೆ ನಡೆಯಿತು. ಒಂದು ಗಂಟೆ ತುಂಬುವ ಮೊದಲೇ ಎರಡೂ ಶಿಖರಗಳು ಟಿಪ್ಪುವಿನ ಕಾವಲುಪಡೆಯ ಕೈತಪ್ಪಿದ್ದವು. ಲಗ್ಗೆ ಹತ್ತಿದವರಲ್ಲಿ ಗಾಯಗೊಂಡವನು ಒಬ್ಬನೇ ಒಬ್ಬ ಸೈನಿಕ ಎಂದು ಗೆದ್ದವರು ಬರೆದಿಟ್ಟಿದ್ದಾರೆ.

ಗೆದ್ದವರ ಲೆಕ್ಕವನ್ನು ಅರ್ಧ ನಂಬಿದರೂ ಪ್ರಶ್ನೆ ಉಳಿಯುತ್ತದೆ. ಇದೇ ಸೈನ್ಯದ ಇನ್ನೊಂದು ತುಕಡಿ ಆರು ವಾರ ಮುಂಚೆ, ನವೆಂಬರ್ 7ರ ರಾತ್ರಿ, ಕೃಷ್ಣಗಿರಿ ಬೆಟ್ಟದ ಮೇಲಿನ ಕೋಟೆಯ ಬಾಗಿಲಲ್ಲಿ ಪೆಟ್ಟು ತಿಂದು ಹಿಂದಿರುಗಿತ್ತು. ಕೃಷ್ಣಗಿರಿ ಸಾವನದುರ್ಗಕ್ಕಿಂತ ಚಿಕ್ಕ ಬೆಟ್ಟ, ಅದಕ್ಕೆ ಇಷ್ಟು ದಟ್ಟ ಕಾಡಿನ ಬೇಲಿಯೂ ಇರಲಿಲ್ಲ. ಹಾಗಿದ್ದರೆ ದೊಡ್ಡದು ಬಿದ್ದು ಚಿಕ್ಕದು ಉಳಿದದ್ದು ಹೇಗೆ? ಕಾವಲುಪಡೆಯ ಹೇಡಿತನ ಎಂದು ಇಂಗ್ಲಿಷರು ಬರೆದರು, ನಮ್ಮವರಲ್ಲಿ ಹಲವರು ಒಳಗಿನವರ ದ್ರೋಹ ಎನ್ನುತ್ತಾರೆ. ಎರಡೂ ಸುಲಭದ ಉತ್ತರಗಳು. ಕೋಟೆಯ ರಚನೆಯನ್ನು ಪದರ ಪದರವಾಗಿ ಬಿಡಿಸಿ ನೋಡಿದರೆ ಬೇರೆಯದೇ ಕಾರಣ ಸಿಗುತ್ತದೆ.

ಹೆಸರು, ಒಡೆತನ

ಇಂಗ್ಲಿಷರು ಈ ಬೆಟ್ಟವನ್ನು ‘ಸಾವಿನ ಬಂಡೆ’ ಎಂದು ಅರ್ಥಮಾಡಿಕೊಂಡು ಹಾಗೇ ಬರೆದರು. ಸುತ್ತಲ ಕಾಡಿನ ಚಳಿಜ್ವರಕ್ಕೆ ಆ ಹೆಸರು ಚೆನ್ನಾಗಿ ಹೊಂದಿಕೊಂಡಿತು. ಆದರೆ ಹೊಯ್ಸಳ ಮುಮ್ಮಡಿ ಬಲ್ಲಾಳನ ಕಾಲದ 1340ರ ಮಾಡಬಾಳು ಶಾಸನದಲ್ಲಿ ಇರುವ ಹೆಸರು ‘ಸಾವಂದಿ’. ಬೆಟ್ಟದ ಬುಡದ ದೇವರು ಇಂದಿಗೂ ಸಾವಂದಿ ವೀರಭದ್ರನೇ. ‘ಸಾವು’ ಆಮೇಲೆ ಅಂಟಿಕೊಂಡ ಅರ್ಥ. ವಿಜಯನಗರದ ಅಧಿಕಾರಿ ಸಾಮಂತರಾಯ 1543ರಲ್ಲಿ ಇಲ್ಲಿ ಕೋಟೆ ಕಟ್ಟಿಸಿದ, ಅದರಿಂದ ಸಾಮಂತದುರ್ಗ ಎಂಬ ಹೆಸರು ಬಂತು ಎನ್ನುವುದು ಗೆಜೆಟಿಯರಿನ ಮಾತು.

1638ರಲ್ಲಿ ಬಿಜಾಪುರದ ರಣದುಲ್ಲಾಖಾನನಿಗೆ ಬೆಂಗಳೂರನ್ನು ಬಿಟ್ಟುಕೊಟ್ಟ ಇಮ್ಮಡಿ ಕೆಂಪೇಗೌಡ ಮಾಗಡಿಯನ್ನು ನೆಲೆಮಾಡಿಕೊಂಡ. ಆಗಿನಿಂದ ಸಾವನದುರ್ಗ ಮಾಗಡಿ ಗೌಡರ ಬೆನ್ನಿಗೆ ನಿಂತ ಭಂಡಾರ, ಆಪತ್ತಿನಲ್ಲಿ ಓಡಿ ಸೇರಿಕೊಳ್ಳುವ ಜಾಗ. 1728ರಲ್ಲಿ ಮೈಸೂರಿನ ದಳವಾಯಿ ದೇವರಾಜ ಅದನ್ನು ಹಿಡಿದ. ಕೊನೆಯ ಗೌಡ ಮುಮ್ಮಡಿ ಕೆಂಪವೀರಪ್ಪಗೌಡ ಸೆರೆಯಾಗಿ ಶ್ರೀರಂಗಪಟ್ಟಣಕ್ಕೆ ಹೋದ. ಮುಂದೆ ಹೈದರ್, ಟಿಪ್ಪು. ಒಡೆಯರು ಬದಲಾದರೂ ಬೆಟ್ಟದ ಕೆಲಸ ಒಂದೇ ಆಗಿತ್ತು: ಬೆಂಗಳೂರಿನಿಂದ ಪಶ್ಚಿಮಕ್ಕೆ ಹೋಗುವ ದಾರಿಗಳ ಮೇಲೆ ಕಣ್ಣಿಡುವುದು.

1791ರಲ್ಲಿ ಈ ಕೆಲಸಕ್ಕೆ ತೂಕ ಬಂತು. ಆ ವರ್ಷ ಮಾರ್ಚ್ 21ರಂದು ಇಂಗ್ಲಿಷರ ಗವರ್ನರ್ ಜನರಲ್ ಕಾರ್ನ್‌ವಾಲಿಸ್ ಬೆಂಗಳೂರಿನ ಕೋಟೆ ಹಿಡಿದು, ಮೇ ತಿಂಗಳಲ್ಲಿ ಶ್ರೀರಂಗಪಟ್ಟಣದ ಹತ್ತಿರದವರೆಗೆ ಹೋಗಿ, ಎತ್ತು ಸತ್ತು ದವಸ ಮುಗಿದು, ಭಾರಿ ತೋಪುಗಳನ್ನು ತಾನೇ ಒಡೆದುಹಾಕಿ ಹಿಂದಿರುಗಬೇಕಾಯಿತು. ಮತ್ತೆ ಹೊರಡುವುದಕ್ಕೆ ಮುಂಚೆ ದಾರಿಯ ಎರಡೂ ಮಗ್ಗುಲು ಸ್ವಚ್ಛವಾಗಿರಬೇಕಿತ್ತು. ಅಕ್ಟೋಬರ್ 19ರ ನಸುಕಿಗೆ ನಂದಿದುರ್ಗ ಬಿತ್ತು. ಉಳಿದವು ಸಾವನದುರ್ಗ, ಹುತ್ರಿದುರ್ಗ, ರಾಮಗಿರಿ, ಶಿವಗಿರಿ. ಇವು ಟಿಪ್ಪುವಿನ ಕೈಯಲ್ಲಿ ಇರುವಷ್ಟು ದಿನ ಇಂಗ್ಲಿಷ್ ಸೈನ್ಯಕ್ಕೆ ದವಸ ತರುವ ಬಂಜಾರರ ಎತ್ತಿನ ಹಿಂಡು ನೆಮ್ಮದಿಯಾಗಿ ಸಾಗುವಂತಿರಲಿಲ್ಲ. ಇಷ್ಟು ದೊಡ್ಡ ಬಂಡೆಯ ಮೇಲೆ ಯಾರಿಗೂ ಆಸೆ ಇರಲಿಲ್ಲ. ಮುತ್ತಿಗೆ ನಡೆದದ್ದು ಅಕ್ಕಿ, ರಾಗಿ, ಹುರುಳಿಯ ದಾರಿಗಾಗಿ.

ಮೊದಲ ಪದರ: ಕಾಡು

ಅರ್ಥಶಾಸ್ತ್ರ ನಾಲ್ಕು ಬಗೆಯ ದುರ್ಗಗಳನ್ನು ಹೇಳುತ್ತದೆ: ನೀರಿನದು, ಬೆಟ್ಟದ್ದು, ಮರುಭೂಮಿಯದು, ಕಾಡಿನದು. ಸಾವನದುರ್ಗ ಗಿರಿದುರ್ಗವೂ ಹೌದು, ವನದುರ್ಗವೂ ಹೌದು. ಸುತ್ತ ಮೈಲಿಗಟ್ಟಲೆ ಕಾಡು. ಅದು ಸಾಲದೆಂದು ಬಿದಿರನ್ನು ನೆಟ್ಟು ದಟ್ಟ ಮಾಡಿದ್ದರು.

ಬಿದಿರ ಮೆಳೆ ಒಳ್ಳೆಯ ಬೇಲಿ ಎನ್ನುವುದಕ್ಕೆ ಕಾರಣಗಳಿವೆ. ಮುಳ್ಳುಬಿದಿರಿನ ಹಿಂಡಿಲು ಬುಡದಲ್ಲಿ ಒತ್ತೊತ್ತಾಗಿ ಹೆಣೆದುಕೊಳ್ಳುತ್ತದೆ. ಮನುಷ್ಯ ನುಸುಳುವುದೂ ಕಷ್ಟ, ಕುದುರೆ ಅಸಾಧ್ಯ. ಹಸಿ ಬಿದಿರಿಗೆ ಬೆಂಕಿ ಸುಲಭಕ್ಕೆ ಹತ್ತುವುದಿಲ್ಲ. ಕೊಡಲಿ ಏಟಿಗೆ ಒಂದು ಗಳು ಕಡಿದರೂ ಅದು ನೆಲಕ್ಕೆ ಬೀಳುವುದಿಲ್ಲ, ಮೇಲಿನ ಮುಳ್ಳುಕೊಂಬೆಗಳಲ್ಲಿ ಸಿಕ್ಕಿಕೊಂಡು ನೇತಾಡುತ್ತದೆ. ಕಡಿದ ಮೋಟು ಈಟಿಯಂತೆ ನಿಲ್ಲುತ್ತದೆ, ಎತ್ತಿನ ಗೊರಸಿಗೆ ಚುಚ್ಚುತ್ತದೆ. ಇದರ ನಡುವೆ 24 ಪೌಂಡಿನ ಕಬ್ಬಿಣದ ತೋಪನ್ನು ಎಳೆದು ತರಬೇಕು ಎಂದರೆ ಸುಮಾರು ಎರಡೂವರೆ ಟನ್ ತೂಕದ ನಳಿಗೆ, ಅದರ ಗಾಡಿ, ಗುಂಡು, ಮದ್ದು ಎಲ್ಲಕ್ಕೂ ದಾರಿ ಬೇಕು. ಎತ್ತುಗಳು ಎಳೆಯಬೇಕು, ಏರಿನಲ್ಲಿ ಆನೆ ಹಿಂದಿನಿಂದ ನೂಕಬೇಕು.

ಡಿಸೆಂಬರ್ 10ರಿಂದ 17ರವರೆಗಿನ ವಾರ ಪೂರ್ತಿ ಹೋದದ್ದು ಈ ತೋಪಿನ ದಾರಿ ಕಡಿಯುವುದಕ್ಕೇ. ಮುತ್ತಿಗೆಯ ಅರ್ಧಕ್ಕಿಂತ ಹೆಚ್ಚು ಕಾಲ ಅದು. ಕೋಟೆಗೆ ಸಿಕ್ಕ ಒಳ್ಳೆಯ ಅವಕಾಶವೂ ಅದೇ ವಾರ. ಕಾಡಿನಲ್ಲಿ ಮರ ಕಡಿಯುವ ಗುಂಪು ಚದುರಿರುತ್ತದೆ, ಅದರ ಹಿಂದೆ ಒಂದೇ ಸಾಲಿನಲ್ಲಿ ಗಾಡಿಗಳು. ರಾತ್ರಿ ನೂರು ಜನ ಕೆಳಗಿಳಿದು ಎತ್ತುಗಳ ಕಾಲು ಕಡಿದು ಹೋಗಿದ್ದರೂ ಒಂದೊಂದು ದಾಳಿಗೆ ಎರಡು ಮೂರು ದಿನ ಮುತ್ತಿದವರಿಗೆ ನಷ್ಟವಾಗುತ್ತಿತ್ತು. ಕೋಟೆಯವರು ದೊಡ್ಡದಾಗಿ ಹಾಗೆ ಇಳಿದು ಬಂದ ಸುದ್ದಿಯಿಲ್ಲ. ಬೆಟ್ಟದ ಮೇಲಿನ ನಂಬಿಕೆ ಅತಿಯಾಯಿತು ಎಂದು ಮುತ್ತಿದವರೇ ಬರೆದಿದ್ದಾರೆ. ಈ ಮಾತನ್ನು ಒಪ್ಪಬಹುದು.

ಕಾಡಿನ ಇನ್ನೊಂದು ಗುಣವನ್ನು ಕೋಟೆ ಕಟ್ಟಿದವರು ಮರೆತರು, ಅಥವಾ ಅವರ ನಂತರ ಬಂದವರು ಮರೆತರು. ಕಾಡು ಗೋಡೆಯ ತೀರ ಹತ್ತಿರದವರೆಗೆ ಬೆಳೆದಿತ್ತು. ಬಿದಿರಿನ ಬೇಲಿಗೂ ಗೋಡೆಗೂ ನಡುವೆ ಬಂದೂಕಿನ ಹೊಡೆತ ತಲುಪುವಷ್ಟು ಅಗಲದ ಬಯಲು ಇರಬೇಕು. ಆ ಕಾಲದ ತೋಡಾ (ಬತ್ತಿ ಹೊತ್ತಿಸಿ ಹಾರಿಸುವ) ಬಂದೂಕಿಗೆ ಸುಮಾರು ನೂರು ಗಜ ಎಂದಿಟ್ಟುಕೊಳ್ಳಿ. ಆ ಪಟ್ಟಿಯನ್ನು ಪ್ರತಿ ಮಳೆಗಾಲ ಮುಗಿದ ಮೇಲೆ ಸವರಬೇಕು. ಸವರದಿದ್ದರೆ ಬೇಲಿಯೇ ಶತ್ರುವಿಗೆ ಮರೆ. ಸಾವನದುರ್ಗದಲ್ಲಿ ಆದದ್ದು ಇದೇ. ದಾರಿ ಕಡಿದುಕೊಂಡು ಒಳಬಂದವರು ಮರ, ಬಂಡೆಗಳ ಮರೆಯಲ್ಲೇ ಗೋಡೆಗೆ ಹತ್ತಿರ ಹತ್ತಿರ ಸರಿದರು. ಬಂಡೆಯ ನೆಲದಲ್ಲಿ ಕಂದಕ ತೋಡಿಕೊಂಡು ಮುಂದೆ ಬರುವುದು ಸಾಧ್ಯವಿಲ್ಲ, ಗುದ್ದಲಿ ಇಳಿಯುವುದೇ ಇಲ್ಲ. ಬಿದಿರ ಬುಟ್ಟಿಗೆ ಮಣ್ಣು ತುಂಬಿ, ಚೀಲಕ್ಕೆ ಮರಳು ತುಂಬಿ ಮರೆ ಕಟ್ಟಬೇಕು. ಅಷ್ಟೆಲ್ಲ ಕಷ್ಟವನ್ನು ಕಾಡು ಅರ್ಧಕ್ಕೆ ಇಳಿಸಿತು.

ಎರಡನೆಯ ಪದರ: ಇಳಿಜಾರು

ಬೆಟ್ಟ ಕಡಿದಾದಷ್ಟೂ ಕೋಟೆ ಗಟ್ಟಿ ಎಂಬುದು ಕೆಳಗೆ ನಿಂತು ನೋಡುವವನ ಲೆಕ್ಕ. ಮೇಲೆ ನಿಂತು ತೋಪು ಹಾರಿಸುವ ಗೋಲಂದಾಜನಿಗೆ ಬೇರೆಯದೇ ತೊಡಕು.

ಗಾಡಿಯ ಮೇಲೆ ಕೂತ ತೋಪಿನ ಬಾಯನ್ನು ಕೆಳಮುಖ ಮಾಡಲು ಒಂದು ಮಿತಿಯಿದೆ. ಹಿಂಭಾಗವನ್ನು ಬೆಣೆ ಕೊಟ್ಟು ಎತ್ತಬಹುದು, ಆದರೆ ಕೆಲವು ಡಿಗ್ರಿ ದಾಟಿದರೆ ಗುಂಡು ಮದ್ದಿನಿಂದ ಜಾರಿ ಬಾಯಿಯ ಕಡೆಗೆ ಬರುತ್ತದೆ. ಬಟ್ಟೆ, ಹುಲ್ಲು ಗಿಡಿದು ತಡೆಯಬಹುದು. ಆದರೂ ಹಾರಿಸಿದಾಗಿನ ಒದೆತ ಗಾಡಿಯನ್ನು ಹಿಂದಕ್ಕೆ ನೂಕುವ ಬದಲು ಮೇಲಕ್ಕೆತ್ತಿ ಕುಕ್ಕುತ್ತದೆ, ಅಚ್ಚು ಮುರಿಯುತ್ತದೆ. 10 ಡಿಗ್ರಿ ಇಳಿಸಬಹುದು ಎಂದು ಧಾರಾಳವಾಗಿಯೇ ಹಿಡಿಯೋಣ. ತೋಪು ಬುಡದಿಂದ 300 ಮೀಟರ್ ಮೇಲಿದ್ದರೆ, ಆ ನೋಟದ ಗೆರೆ ನೆಲ ಮುಟ್ಟುವುದು 1,700 ಮೀಟರ್ ಆಚೆ. ಗುಂಡು ಹಾರುತ್ತ ಬಾಗುವುದರಿಂದ ಈ ದೂರ ಸ್ವಲ್ಪ ತಗ್ಗುತ್ತದೆ, ಬಹಳ ಅಲ್ಲ. ಬುಡದಲ್ಲಿ 250 ಮೀಟರ್ ದೂರದಲ್ಲಿ ಶತ್ರು ತೋಪು ಹೂಡಿದ್ದರೆ ಅದರ ಮೇಲೆ ಗುರಿ ಇಡಲು 50 ಡಿಗ್ರಿ ಬಗ್ಗಿಸಬೇಕು. ಅಂಥ ಗಾಡಿ ಆ ಕಾಲದ ಬೆಟ್ಟದ ಕೋಟೆಗಳಲ್ಲಿ ಇರಲಿಲ್ಲ. ಶಿಖರದ ತೋಪುಗಳು ದೂರದ ಬೀಡಾರವನ್ನು ಹೆದರಿಸಬಲ್ಲವು, ಬಾಗಿಲಿಗೆ ಬಂದವನನ್ನು ಏನೂ ಮಾಡಲಾರವು.

ಬಂಡೆಯ ಆಕಾರವೂ ಸೇರಿಕೊಳ್ಳುತ್ತದೆ. ಸಾವನದುರ್ಗ, ರಾಮನಗರದ ಬೆಟ್ಟಗಳು ಎಲ್ಲ ಒಂದೇ ಗ್ರಾನೈಟ್ ಪಟ್ಟಿಯವು. ಭೂವಿಜ್ಞಾನಿಗಳು ಅದನ್ನು ಕ್ಲೋಸ್‌ಪೇಟೆ ಗ್ರಾನೈಟ್ ಎನ್ನುತ್ತಾರೆ, ವಯಸ್ಸು ಸುಮಾರು 250 ಕೋಟಿ ವರ್ಷ. ಈ ಕಲ್ಲು ಈರುಳ್ಳಿ ಸಿಪ್ಪೆಯಂತೆ ಪದರ ಪದರವಾಗಿ ಕಳಚುತ್ತದೆ, ಹಾಗಾಗಿ ಬೆಟ್ಟ ಬೋರಲು ಹಾಕಿದ ಬಾಣಲೆಯಂತೆ ಉಬ್ಬಿರುತ್ತದೆ. ಉಬ್ಬಿದ ಇಳಿಜಾರಿನ ಮೇಲೆ ನಿಂತವನಿಗೆ ತನ್ನ ಕಾಲಬುಡದ ಕೆಳಗಿನ ಭಾಗ ಕಾಣುವುದಿಲ್ಲ. ಉರುಳುಗಲ್ಲು ಮಾತ್ರ ಈ ಕಾಣದ ಜಾಗಕ್ಕೂ ತಲುಪುತ್ತದೆ. ಬೆಟ್ಟದ ಕೋಟೆಗಳ ನಿಜವಾದ ಆಯುಧ ಅದೇ. ನಂದಿದುರ್ಗದ ಲಗ್ಗೆಯಲ್ಲಿ ಇಂಗ್ಲಿಷರ ಕಡೆ ಪೆಟ್ಟಾದವರಲ್ಲಿ ಬಹಳ ಜನಕ್ಕೆ ಪೆಟ್ಟು ಬಿದ್ದದ್ದು ಕಲ್ಲಿನಿಂದ. ಕೃಷ್ಣಗಿರಿಯನ್ನು ಉಳಿಸಿದ್ದೂ ಕಲ್ಲೇ. ಆದರೆ ಕಲ್ಲು ಉರುಳಿಸಲು ಮೇಲೆ ಜನ ಇರಬೇಕು, ಕೆಳಗಿನ ಇಳಿಜಾರಿನಲ್ಲಿ ತಮ್ಮವರು ಇರಬಾರದು. ಡಿಸೆಂಬರ್ 21ರಂದು ಈ ಎರಡೂ ತಪ್ಪಿತು.

ಮೂರನೆಯ ಪದರ: ಗೋಡೆ

ಬೋಳು ಬಂಡೆ ಇರುವ ಕಡೆ ಗೋಡೆ ಕಟ್ಟುವ ಅಗತ್ಯವಿಲ್ಲ. ಈ ಬಗೆಯ ಕೋಟೆಯಲ್ಲಿ ಗೋಡೆ ಊರಿನ ಕೋಟೆಯಂತೆ ಸುತ್ತು ಬರುವುದಿಲ್ಲ. ಏರಲು ಆಗುವ ಮಗ್ಗುಲಲ್ಲಿ ಒಂದು ಕಡಿದಾದ ಬಂಡೆಯಿಂದ ಇನ್ನೊಂದು ಬಂಡೆಗೆ ಅಡ್ಡಕಟ್ಟಿನಂತೆ ಹಾಯುತ್ತದೆ. ಕೆಳಗೊಂದು, ಅದರ ಮೇಲೊಂದು, ಹೀಗೆ. ಕಡಿಮೆ ಕಲ್ಲಿನಲ್ಲಿ ಹೆಚ್ಚು ಜಾಗ ಕಾಯಬಹುದು.

ಕಲ್ಲು ತರುವುದು ದೂರದಿಂದಲ್ಲ. ಬಂಡೆಯ ಮೇಲೆ ಸಾಲಾಗಿ ಕುಳಿ ಹೊಡೆದು, ಬೆಣೆ ಬಡಿದು ಸೀಳಿ ತೆಗೆಯುತ್ತಿದ್ದರು. ತೆಳು ಪದರ ಬೇಕಾದಾಗ ಬಂಡೆಯ ಮೇಲೆ ಬೆಂಕಿ ಹಾಕಿ ಕಾಯಿಸಿ ಎಬ್ಬಿಸುವ ಪದ್ಧತಿಯೂ ಇತ್ತು. ವಡ್ಡರ ಕಸುಬಿನಲ್ಲಿ ಇದು ತೀರ ಇತ್ತೀಚಿನವರೆಗೂ ಉಳಿದಿತ್ತು. ಬುಡಕ್ಕೆ ದೊಡ್ಡ ದಿಮ್ಮಿಗಲ್ಲು, ಗಾರೆ ಇಲ್ಲದೆ ಒಂದಕ್ಕೊಂದು ಕಚ್ಚಿಸಿದ್ದು. ಒಳಮೈ ಹೊರಮೈ ಎರಡು ಕಲ್ಲಿನ ಪದರ, ನಡುವೆ ಮಣ್ಣು, ಜಲ್ಲಿ. ಮೇಲೆ ಚಿಕ್ಕ ಕಲ್ಲು ಅಥವಾ ಇಟ್ಟಿಗೆ ಗಾರೆಯ ಕೈಪಿಡಿ ಗೋಡೆ, ಅದರಲ್ಲಿ ತೆನೆ (ಗೋಡೆಯ ತಲೆಯ ಹಲ್ಲುಸಾಲು), ಬಂದೂಕಿನ ಕಿಂಡಿ. ದಕ್ಷಿಣದ ಗಿರಿದುರ್ಗಗಳಲ್ಲಿ ಸಾಮಾನ್ಯವಾಗಿ ಕಾಣುವ ಕಟ್ಟುವಿಕೆ ಇದು. ಚಿತ್ರದುರ್ಗದಲ್ಲಿ ಇದರ ಉತ್ತಮ ಮಾದರಿಗಳಿವೆ.

ಇಂಥ ಗೋಡೆಗೆ ತೋಪಿನ ಗುಂಡು ಬಡಿದಾಗ ಏನಾಗುತ್ತದೆ? 24 ಪೌಂಡಿನ ಗುಂಡು ಎಂದರೆ ಸುಮಾರು 11 ಕಿಲೋ ತೂಕದ, 14 ಸೆಂಟಿಮೀಟರ್ ಅಡ್ಡಳತೆಯ ಎರಕದ ಕಬ್ಬಿಣ. ದಿಮ್ಮಿಗಲ್ಲಿನ ನಡುವಿಗೆ ಬಡಿದರೆ ಬಹಳಷ್ಟು ಸಲ ಒಡೆಯುವುದು ಗುಂಡು, ಕಲ್ಲಲ್ಲ. ಸಂದಿಗೆ ಬಡಿದರೆ ಕಲ್ಲು ಕದಲುತ್ತದೆ. ಗಾರೆ ಇಲ್ಲದ ಗೋಡೆಗೆ ಇಲ್ಲಿ ಒಂದು ಲಾಭ ಇದೆ: ಒಂದು ಕಲ್ಲಿನ ಅದುರು ಪಕ್ಕದ್ದಕ್ಕೆ ಪೂರ್ತಿ ದಾಟುವುದಿಲ್ಲ. ಊರಿನ ಕೋಟೆ ಒಡೆಯುವ ರೂಢಿಯ ಕ್ರಮ ಎಂದರೆ ಗೋಡೆಯ ಕೆಳಭಾಗದಲ್ಲಿ ಅಡ್ಡಕ್ಕೆ ಒಂದು ಸೀಳು ಕೊರೆದು, ಎರಡು ತುದಿಯಿಂದ ಮೇಲಕ್ಕೆ ಸೀಳು ತಂದು, ನಡುವಿನ ತುಂಡು ತನ್ನ ಭಾರಕ್ಕೇ ಕುಸಿಯುವಂತೆ ಮಾಡುವುದು. ಕುಸಿದ ರಾಶಿಯೇ ಏರಲು ಮೆಟ್ಟಿಲಾಗುತ್ತದೆ. ಸಾವನದುರ್ಗದ ಬುಡದ ಕಲ್ಲುಗಳಿಗೆ ದೂರದ ತೋಪುಗಳಿಂದ ಹೆಚ್ಚೇನೂ ಆಗಲಿಲ್ಲ. ಆದ್ದರಿಂದಲೇ ತೋಪುಗಳನ್ನು ಹತ್ತಿರ ತಂದು ಇನ್ನೊಂದು ಮೋರ್ಚಾ (ತೋಪುಗಳ ನೆಲೆ) ಹೂಡಿದರು. ಹಾಗೆ ತರಲು ಮರೆ ಕೊಟ್ಟದ್ದು ಮೇಲೆ ಹೇಳಿದ ಕಾಡು. ನೆಲದಡಿ ಸುರಂಗ ಕೊರೆದು ಮದ್ದು ಇಡುವ ಮಾತೇ ಇಲ್ಲಿಲ್ಲ, ಬಂಡೆ.

ಬೆಟ್ಟದ ಗೋಡೆಗೆ ಇನ್ನೊಂದು ಅನುಕೂಲ ಇದೆ, ಇದನ್ನು ಗಮನಿಸುವವರು ಕಡಿಮೆ. ಕಡಿದಾದ ಇಳಿಜಾರಿನಲ್ಲಿ ಒಡೆದ ಗೋಡೆಯ ರಾಶಿ ಅಲ್ಲೇ ನಿಲ್ಲದೆ ಕೆಳಕ್ಕೆ ಉರುಳಿಹೋಗುತ್ತದೆ. ಮೆಟ್ಟಿಲು ಆಗುವುದಿಲ್ಲ, ಗೋಡೆಯ ಬುಡ ಮೊದಲಿನಷ್ಟೇ ಎತ್ತರವಾಗಿ ಉಳಿಯುತ್ತದೆ. ಇಷ್ಟೆಲ್ಲ ಇದ್ದೂ ತೋಪು ಹಾರತೊಡಗಿದ ನಾಲ್ಕನೆಯ ದಿನಕ್ಕೆ ಒಡಕು ಏರಬಹುದಾದ ಮಟ್ಟಿಗೆ ಬಂತು. ಒಟ್ಟಿನಲ್ಲಿ ಗೋಡೆ ತನ್ನ ಕೆಲಸ ಮಾಡಿತು ಎನ್ನಲು ಅಡ್ಡಿಯಿಲ್ಲ. ಗೋಡೆ ಕಟ್ಟುವುದು ಶತ್ರುವನ್ನು ತಡಮಾಡಿಸಲಿಕ್ಕೆ, ಎಂದೆಂದಿಗೂ ನಿಲ್ಲಿಸಲಿಕ್ಕಲ್ಲ. ಗೋಡೆ ಕೊಟ್ಟ ದಿನಗಳಲ್ಲಿ ಒಳಗಿನವರು ಏನು ಮಾಡಿದರು ಎನ್ನುವುದು ಮುಖ್ಯ. ಒಡಕಿನ ಹಿಂದೆ ಅರ್ಧಚಂದ್ರಾಕಾರದಲ್ಲಿ ಕಲ್ಲು, ಮರದ ದಿಮ್ಮಿ ಪೇರಿಸಿ ಒಳಗೊಂದು ತಡೆ ಕಟ್ಟಿದ್ದರೆ ಒಡಕು ಏರಿ ಬಂದವರು ಮೂರು ಕಡೆಯ ಹೊಡೆತಕ್ಕೆ ಸಿಕ್ಕುತ್ತಿದ್ದರು.

ನೀರು, ದವಸ

ಇದರಲ್ಲಿ ಕೋಟೆ ಸೋಲಲಿಲ್ಲ, ಹಾಗಾಗಿ ಚುಟುಕಾಗಿ. ಸಾವಿರ ಜನಕ್ಕೆ ದಿನಕ್ಕೆ ತಲಾ 5 ಲೀಟರಿನಂತೆ ಆರು ತಿಂಗಳಿಗೆ 9 ಲಕ್ಷ ಲೀಟರ್ ಬೇಕು. 20 ಮೀಟರ್ ಉದ್ದ, 15 ಮೀಟರ್ ಅಗಲ, 3 ಮೀಟರ್ ಆಳದ ಹೊಂಡ ಸಾಕು ಅನ್ನಿಸುತ್ತದೆ. ಆದರೆ ಬೇಸಿಗೆಯಲ್ಲಿ ದಿನಕ್ಕೆ 5-6 ಮಿಲಿಮೀಟರ್ ನೀರು ಆವಿಯಾಗುವುದರಿಂದ ಅದೇ ಹೊಂಡದಲ್ಲಿ ಆರು ತಿಂಗಳಿಗೆ ಒಂದು ಮೀಟರಿನಷ್ಟು ಹಾಗೇ ಹೋಗುತ್ತದೆ. ಅಗಲ ಕಡಿಮೆ, ಆಳ ಹೆಚ್ಚು ಇರುವ ಬಂಡೆಯ ದೊಣೆಗಳು ಬೆಟ್ಟದ ಮೇಲೆ ಹೆಚ್ಚು ಬಾಳುವುದು ಇದರಿಂದ. ಚಿತ್ರದುರ್ಗದವರು ಇನ್ನೂ ಮುಂದೆ ಹೋಗಿ ಗೋಪಾಲಸ್ವಾಮಿ ಹೊಂಡ ತುಂಬಿ ಹರಿದ ನೀರು ಅಕ್ಕ-ತಂಗಿ ಹೊಂಡಕ್ಕೆ, ಅಲ್ಲಿಂದ ಕೆಳಗೆ ಸಿಹಿನೀರು ಹೊಂಡಕ್ಕೆ, ಸಂತೆ ಹೊಂಡಕ್ಕೆ ಇಳಿಯುವಂತೆ ಮಾಡಿದರು. ಸಾವನದುರ್ಗದ ಮುತ್ತಿಗೆ ಆದದ್ದು ಮಳೆಗಾಲ ಮುಗಿದ ಡಿಸೆಂಬರಿನಲ್ಲಿ, ಅದೂ ಹನ್ನೆರಡು ದಿನ. ನೀರಿನ ಪ್ರಶ್ನೆ ಏಳಲೇ ಇಲ್ಲ.

ಜ್ವರವೂ ಏಳಲಿಲ್ಲ. ಮುತ್ತಿದವರಲ್ಲಿ ಅರ್ಧ ಜನ ಜ್ವರದಲ್ಲಿ ಸಾಯುತ್ತಾರೆ, ಉಳಿದರ್ಧ ಲಗ್ಗೆಯಲ್ಲಿ ಸಾಯುತ್ತಾರೆ ಎಂದು ಟಿಪ್ಪು ತನ್ನ ಸೈನ್ಯಕ್ಕೆ ಹೇಳಿದನೆಂಬ ಮಾತು ಇಂಗ್ಲಿಷರ ಬರಹದಲ್ಲಿ ಬರುತ್ತದೆ. ಹೇಳಿದನೋ ಇಲ್ಲವೋ, ಲೆಕ್ಕವಂತೂ ತಪ್ಪಲ್ಲ. ಮುತ್ತಿಗೆ ತಿಂಗಳು ಎರಡು ತಿಂಗಳು ಎಳೆದಿದ್ದರೆ ಆ ಕಾಡಿನ ಚಳಿಜ್ವರ ತನ್ನ ಪಾಲು ಕೇಳುತ್ತಿತ್ತು. ಕೋಟೆಗೆ ಬೇಕಾಗಿದ್ದದ್ದು ಕಾಲ ಮಾತ್ರ.

ನಾಲ್ಕನೆಯ ಪದರ: ಎರಡು ಶಿಖರ, ಒಂದು ದಾರಿ

ಸಾವನದುರ್ಗದ ನೆತ್ತಿ ಎರಡಾಗಿ ಸೀಳಿದೆ. ಜನ ಕರಿಗುಡ್ಡ, ಬಿಳಿಗುಡ್ಡ ಎನ್ನುತ್ತಾರೆ. ನಡುವೆ ಕೊರಕಲು. ಎರಡಕ್ಕೂ ತಮ್ಮತಮ್ಮದೇ ಗೋಡೆ, ಬಾಗಿಲುಗಳಿದ್ದವು. ಕೆಳಗಿನ ಕೋಟೆ ಹೋದರೂ ಒಂದೊಂದು ಶಿಖರ ಬೇರೆಬೇರೆಯಾಗಿ ನಿಲ್ಲಬಲ್ಲದು, ಒಂದು ಹೋದರೆ ಇನ್ನೊಂದು ಇದೆ. ಕಾಗದದ ಮೇಲೆ ಇದಕ್ಕಿಂತ ಒಳ್ಳೆಯ ಏರ್ಪಾಟು ಇಲ್ಲ. ನೋಡಿದ ಇಂಗ್ಲಿಷ್ ಎಂಜಿನಿಯರುಗಳೂ ಇದನ್ನೇ ಹೊಗಳಿ, ಇದಕ್ಕೇ ಹೆದರಿದ್ದರು.

ಲಗ್ಗೆಯ ದಿನ ಈ ಏರ್ಪಾಟು ನಡೆದ ರೀತಿ ನೋಡಿ. ಸ್ಟುವರ್ಟ್ ಲಗ್ಗೆಯ ಜನವನ್ನು ಒಂದೇ ಗುಂಪಾಗಿ ಕಳಿಸಲಿಲ್ಲ. 52ನೆಯ ರೆಜಿಮೆಂಟಿನ ಲೆಫ್ಟಿನೆಂಟ್ ಕರ್ನಲ್ ನೆಸ್ಬಿಟ್‌ನ ನಾಯಕತ್ವದಲ್ಲಿ ಹಲವು ಗುಂಪುಗಳು. ಪೂರ್ವದ ಶಿಖರಕ್ಕೊಂದು, ಪಶ್ಚಿಮದ ಶಿಖರಕ್ಕೊಂದು, ನಡುವಿನ ಕೊರಕಲಿಗೆ ಒಂದು ಎಂದು ಮೊದಲೇ ಹಂಚಿಕೆ. ಎರಡು ಶಿಖರ ಪರಸ್ಪರ ನೆರವಾಗದಂತೆ ನಡುವಿನ ದಾರಿಯನ್ನೇ ಹಿಡಿಯುವ ಲೆಕ್ಕ ಇದು. ಬಾಜಾಬಜಂತ್ರಿ ಬಾರಿಸುತ್ತ, ಕಾರ್ನ್‌ವಾಲಿಸ್ ನೋಡುತ್ತಿರುವಂತೆ ಲಗ್ಗೆ ಹೊರಟಿತು.

ಕಾವಲುಪಡೆಯ ಬಹುಭಾಗ ಒಡಕನ್ನು ಕಾಯಲು ಕೆಳಗೆ ಇಳಿದು ಬಂದಿತ್ತು. ಇದೇ ನಿರ್ಣಾಯಕ ತಪ್ಪು ಎನ್ನುವುದು ನಮ್ಮ ತೀರ್ಮಾನ. ಒಡಕಿಗೆ ಜನ ಬೇಕು, ಸರಿ. ಆದರೆ ಇಳಿದವರು ಹಿಂದಿರುಗುವ ದಾರಿ ಯಾವುದು, ಎಷ್ಟು ಅಗಲ, ಎಷ್ಟು ಹೊತ್ತು ಹಿಡಿಯುತ್ತದೆ? ಬಂಡೆಯ ಮೇಲಿನ ದಾರಿ ಇಕ್ಕಟ್ಟಾದದ್ದು, ಇಬ್ಬರು ಒಟ್ಟಿಗೆ ಹತ್ತುವುದೂ ಕಷ್ಟ. ಒಬ್ಬೊಬ್ಬರೇ ಹತ್ತುವ ದಾರಿಯಲ್ಲಿ ಇನ್ನೂರು ಜನ, ತಲಾ ಎರಡು ಸೆಕೆಂಡಿನ ಅಂತರದಲ್ಲಿ ಎಡವದೆ ನಡೆದರೂ ಕೊನೆಯವನು ಬಾಗಿಲು ದಾಟುವ ಹೊತ್ತಿಗೆ ಏಳು ನಿಮಿಷ ಆಗುತ್ತದೆ. ಏಣಿ ಹಿಡಿದು ಬೆನ್ನಟ್ಟಿದವರು ಅಷ್ಟು ಹಿಂದೆ ಇರಲಿಲ್ಲ.

ಒಡಕಿನ ಕಾವಲು ಬೆದರಿ ಹಿಂದಿರುಗಿತು. ಪೂರ್ವದ ಶಿಖರ ಹೆಚ್ಚು ಹೊಡೆದಾಟವಿಲ್ಲದೆ ಹೋಯಿತು. ಜನ ಪಶ್ಚಿಮದ ಶಿಖರಕ್ಕೆ ಓಡಿದರು. ಇಕ್ಕಟ್ಟಿನ ದಾರಿಯಲ್ಲಿ ಒಬ್ಬರಿಗೊಬ್ಬರು ಅಡ್ಡಿಯಾದರು, ಕೆಳಗಿನ ತೋಪುಗಳೂ ಅದೇ ದಾರಿಯ ಮೇಲೆ ಹಾರಿದವು. ಬೆನ್ನಟ್ಟಿದ ಗುಂಪು ಓಡುವವರ ಹಿಂದೆಯೇ ಒಂದಾದ ಮೇಲೊಂದು ತಡೆಗೋಡೆಯ ಬಾಗಿಲು ದಾಟಿತು. ಬಾಗಿಲು ಕಾಯುವವನ ಸ್ಥಿತಿ ಊಹಿಸಿ: ಮುಚ್ಚಿದರೆ ತನ್ನವರೇ ಹೊರಗೆ, ತೆರೆದರೆ ಶತ್ರು ಒಳಗೆ. ಮೇಲಿನಿಂದ ಕಲ್ಲು ಉರುಳಿಸಿದರೆ ಮೊದಲು ಬೀಳುವುದು ತನ್ನವರ ತಲೆಯ ಮೇಲೆ. ಅಗುಳಿ ಎಳೆಯುವ ಕ್ಷಣ ಬರಲೇ ಇಲ್ಲ. ಕೋಟೆಯ ಮುಖ್ಯಸ್ಥನಾದ ಕಿಲ್ಲೇದಾರ ಪಶ್ಚಿಮದ ಶಿಖರದಲ್ಲೇ ಸತ್ತ. ಅಲ್ಲಿ ನೂರಕ್ಕೂ ಹೆಚ್ಚು ಜನ ಸತ್ತರು, ಹಲವರು ಬಂಡೆಯಿಂದ ಕೆಳಗೆ ಬಿದ್ದರು ಎಂದು ಅದೇ ದಾಖಲೆಗಳು ಹೇಳುತ್ತವೆ.

ಹೋಲಿಕೆಗೆ ಎರಡು

ಕೃಷ್ಣಗಿರಿಯಲ್ಲಿ ಮ್ಯಾಕ್ಸ್‌ವೆಲ್‌ನ ತುಕಡಿ ನವೆಂಬರ್ 7ರ ರಾತ್ರಿ ಕೆಳಗಿನ ಕೋಟೆಗೆ ಏಣಿ ಹಾಕಿ ಹತ್ತಿತು. ಓಡುವವರ ಬೆನ್ನು ಹಿಡಿದು ಮೇಲಿನ ಕೋಟೆಯ ಬಾಗಿಲವರೆಗೂ ಏರಿತು. ಸಾವನದುರ್ಗದಲ್ಲಿ ಫಲಿಸಿದ ಉಪಾಯ ಅಕ್ಷರಶಃ ಇದೇ. ಆದರೆ ಅಲ್ಲಿ ಬಾಗಿಲು ಕೊನೆಯ ಗಳಿಗೆಯಲ್ಲಿ ಮುಚ್ಚಿತು. ಏಣಿ ಹೊತ್ತವರು ಹಿಂದೆ ಉಳಿದಿದ್ದರು. ಅವರು ಬರುವ ಹೊತ್ತಿಗೆ ಮೇಲಿನಿಂದ ಕಲ್ಲುಗಳು ಉರುಳತೊಡಗಿದವು, ಏಣಿಗಳೂ ಹೊತ್ತವರೂ ನುಚ್ಚಾದರು. ಒಂದಷ್ಟು ಹೊತ್ತು ಹೆಣಗಿ ತುಕಡಿ ಕೆಳಗಿಳಿಯಿತು. ಕಲ್ಲಿನ ಕೆಳಗೆ ಆಗ ಇದ್ದವರು ಶತ್ರುಗಳು ಮಾತ್ರ, ಎಲ್ಲ ವ್ಯತ್ಯಾಸವೂ ಅಲ್ಲಿದೆ.

ನಂದಿದುರ್ಗ ನಡುವಿನದು. ಏರಬಹುದಾದ ಪಶ್ಚಿಮದ ಮಗ್ಗುಲಲ್ಲಿ ಎರಡು ಗೋಡೆ, ನಡುವೆ ಎಂಬತ್ತು ಗಜದಷ್ಟು ಅಂತರ. ಹೊರಗೋಡೆ ಒಡೆಯಲು ಮೂರು ವಾರ ಹಿಡಿಯಿತು, ಒಳಗೋಡೆಗೆ ತೋಪಿನ ಗುರಿ ಸಿಗಲೇ ಇಲ್ಲ. ಬೆಳುದಿಂಗಳಲ್ಲಿ ಲಗ್ಗೆ ಹತ್ತಿದಾಗ ಒಳಬಾಗಿಲು ಮುಚ್ಚುವುದಕ್ಕೆ ಕಾವಲಿನವರಿಗೆ ಆ ಎಂಬತ್ತು ಗಜ ಸಮಯ ಕೊಟ್ಟಿತು. ಕೋಟೆ ಕೊನೆಗೆ ಬಿತ್ತಾದರೂ ಮುತ್ತಿದವರು ಅದಕ್ಕೆ ರಕ್ತದಲ್ಲಿ ಬೆಲೆ ಕೊಟ್ಟರು. ಅಗಲವಾದ, ತೆರೆದ, ಎರಡೂ ಗೋಡೆಯಿಂದ ಕಾಣುವ ಅಂತರ ಒಂದು ಇದ್ದರೆ ಹಿಂದಿರುಗುವವರು ಬೇಗ ದಾಟುತ್ತಾರೆ, ಬೆನ್ನಟ್ಟುವವರು ಬಯಲಲ್ಲಿ ಸಿಕ್ಕುತ್ತಾರೆ. ಸಾವನದುರ್ಗದ ಪ್ರಕೃತಿದತ್ತ ಇಕ್ಕಟ್ಟು ಇದಕ್ಕೆ ತದ್ವಿರುದ್ಧ.

ಈ ತೊಡಕಿಗೆ ಕಟ್ಟಡದಲ್ಲಿ ಪರಿಹಾರ ಇರಲಿಲ್ಲವೇ? ಇತ್ತು. ಚಿತ್ರದುರ್ಗದ ಬಾಗಿಲುಗಳನ್ನು ನೋಡಿ. ದಾರಿ ನೇರ ಒಳಗೆ ಹೋಗುವುದಿಲ್ಲ, ಹಾವಿನಂತೆ ತಿರುಗುತ್ತದೆ. ತಿರುವಿನ ಮೇಲೆಲ್ಲ ಗೋಡೆ, ಕೊತ್ತಳ. ಒಂದು ಬಾಗಿಲು ದಾಟಿದವನು ಮುಂದಿನ ಬಾಗಿಲು ಕಾಣುವ ಮೊದಲೇ ಒಂದು ಕಿರು ಅಂಗಳದಲ್ಲಿ ಸಿಕ್ಕಿಕೊಳ್ಳುತ್ತಾನೆ. ಜೊತೆಗೆ ಕಳ್ಳಗಿಂಡಿ, ದಿಡ್ಡಿಗಳು ಹೆಬ್ಬಾಗಿಲಿನಿಂದ ದೂರ ಇವೆ. ಹೊರಗೆ ಉಳಿದ ತನ್ನವರು ಅಲ್ಲಿಂದ ಒಬ್ಬೊಬ್ಬರಾಗಿ ನುಸುಳಬಹುದು, ಹೆಬ್ಬಾಗಿಲನ್ನು ನಿರ್ದಯವಾಗಿ ಮುಚ್ಚಬಹುದು. ಒನಕೆ ಓಬವ್ವನ ಕಥೆಯಲ್ಲಿ ಕಿಂಡಿಯ ಅಪಾಯ ಎಲ್ಲರಿಗೂ ಗೊತ್ತು. ಅದರ ಉಪಯೋಗದ ಕಡೆ ನೆನಪಿರುವವರು ಕಡಿಮೆ.

ಸಾವನದುರ್ಗದ ನಂತರ ರಾಮಗಿರಿ, ಶಿವಗಿರಿ ಹೆಚ್ಚು ಹೋರಾಟವಿಲ್ಲದೆ ಕೈಬಿಟ್ಟವು. ಮೂರನೆಯ ದಿನ, ಡಿಸೆಂಬರ್ 24ರಂದು, ಹುತ್ರಿದುರ್ಗದಲ್ಲಿ ಅದೇ ಆಟ ಮತ್ತೆ ನಡೆಯಿತು: ಕೆಳಗಿನ ಕೋಟೆಗೆ ಏಣಿ, ಓಡುವವರ ಬೆನ್ನು, ಒಂದರ ಮೇಲೊಂದು ಬಾಗಿಲು. ಅಲ್ಲಿ ಒಡಕು ಮಾಡುವ ಗೋಜಿಗೂ ಹೋಗಲಿಲ್ಲ. ದವಸದ ದಾರಿ ತೆರೆಯಿತು, ಫೆಬ್ರವರಿಗೆ ಸೈನ್ಯ ಶ್ರೀರಂಗಪಟ್ಟಣದ ಮುಂದಿತ್ತು.

ಸ್ಥಳದಲ್ಲಿ ನೋಡುವವರಿಗೆ

ಈಗ ಬೆಟ್ಟ ಹತ್ತುವವರು ಹೆಚ್ಚಾಗಿ ಕರಿಗುಡ್ಡದ ಕಡೆಯಿಂದ ಹತ್ತಿ, ನೆತ್ತಿಯ ನಂದಿ ಮಂಟಪ ನೋಡಿ ಇಳಿಯುತ್ತಾರೆ. ಕೋಟೆಯನ್ನು ಓದಬೇಕೆಂದರೆ ದಾರಿಯಲ್ಲಿ ಸಿಗುವ ಗೋಡೆಯ ತುಂಡುಗಳ ಹತ್ತಿರ ನಿಲ್ಲಿ. ಗೋಡೆ ಎಲ್ಲಿ ಬೋಳು ಬಂಡೆಗೆ ಕೂಡಿ ನಿಲ್ಲುತ್ತದೆ ನೋಡಿ. ಅಲ್ಲಿ ಬಂಡೆಯಲ್ಲೇ ಮೆಟ್ಟು ಕೊರೆದು ಮೊದಲ ಸಾಲಿನ ಕಲ್ಲು ಜಾರದಂತೆ ಕೂರಿಸಿರುತ್ತಾರೆ. ಬಾಗಿಲು ಇದ್ದ ಕಡೆ ಎರಡು ಮಗ್ಗುಲ ಕಲ್ಲಿನಲ್ಲಿ ಅಗುಳಿಯ ಕುಳಿ, ಮೇಲೆ ಕೆಳಗೆ ಕದ ತಿರುಗುವ ಗುಳಿ ಹುಡುಕಿ. ಅಗುಳಿಯ ಕುಳಿ ಯಾವ ಮಗ್ಗುಲಲ್ಲಿದೆ ಎನ್ನುವುದರಿಂದ ಬಾಗಿಲು ಯಾರ ವಿರುದ್ಧ ಮುಚ್ಚುತ್ತಿತ್ತು ಎನ್ನುವುದು ತಿಳಿಯುತ್ತದೆ. ಬಾಗಿಲಿನಿಂದ ಕೆಳಗಿನ ತಿರುವಿನವರೆಗೆ ಹೆಜ್ಜೆ ಎಣಿಸಿ, ಎಷ್ಟು ಅಗಲ ಎಂದು ಅಳೆಯಿರಿ.

ಬೆಣೆಗುಳಿಯ ಸಾಲು ಕಂಡರೆಲ್ಲ ಕೋಟೆಯ ಕಾಲದ್ದೆಂದು ಬರೆಯಬೇಡಿ. ಹಳೆಯವು ಅಗಲವಾಗಿ, ಅಂಚು ಸವೆದು, ಬಂಡೆಯ ಬಣ್ಣಕ್ಕೇ ತಿರುಗಿರುತ್ತವೆ. ದುಂಡಗೆ, ಸಣ್ಣಗೆ, ಆಳವಾಗಿ ಕೊರೆದವು ಇತ್ತೀಚಿನ ಕಲ್ಲುಗಣಿಯವು. ಗೋಡೆಯ ಸಂದಿಯಲ್ಲಿ ಬೆಳೆದ ಆಲ, ಅರಳಿ, ಬಸರಿ ಸಸಿಗಳನ್ನು ಕಂಡು ಕಿತ್ತುಹಾಕುವ 'ಸೇವೆ' ಮಾಡಬಾರದು. ಬೇರು ಆಗಲೇ ಕಲ್ಲುಗಳನ್ನು ಹಿಡಿದುಕೊಂಡಿರುತ್ತದೆ, ಎಳೆದರೆ ನಾಲ್ಕು ಕಲ್ಲು ಜೊತೆಗೇ ಬರುತ್ತವೆ. ಬುಡಕ್ಕೆ ಕತ್ತರಿಸಿ, ಮೋಟಿಗೆ ಔಷಧಿ ಹಚ್ಚಿ, ಬೇರು ಒಣಗಿದ ಮೇಲೆ ಸಂದಿಗೆ ಸುಣ್ಣದ ಗಾರೆ ತುಂಬುವುದು ತಿಳಿದವರ ಕೆಲಸ. ಸಿಮೆಂಟ್ ತುಂಬಿದರೆ ಒಳಗೆ ಹೋದ ಮಳೆನೀರು ಹೊರಬರಲು ದಾರಿ ಸಿಗದೆ ನಡುವಿನ ಮಣ್ಣು ಉಬ್ಬಿ, ಎರಡು ಮಳೆಗಾಲದಲ್ಲಿ ಗೋಡೆ ಹೊಟ್ಟೆ ಬಿಡುತ್ತದೆ.